ನಿರ್ಮಲಚಿತ್ತವನ್ನು ದಿನನಿತ್ಯದ ಬದುಕಿನಲ್ಲಿ ಕಾಪಾಡಿಕೊಳ್ಳುವ ಬಗೆ

ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಬರುವ ಧನ್ಯವಾಕ್ಯಗಳ ಪೈಕಿ ಆರನೆಯದನ್ನು ನಮ್ಮಲ್ಲಿ ಅನೇಕರು ಸಂಡೇ ಸ್ಕೂಲಿನಲ್ಲೇ ಕಂಠಪಾಠ ಮಾಡಿರುತ್ತೇವೆ: ನಿರ್ಮಲಚಿತ್ತರು ಧನ್ಯರು; ಅವರು ದೇವರನ್ನು ನೋಡುವರು. ಬಾಯಿಪಾಠವಾದ ವಾಕ್ಯಗಳಿಗೆ ಒಂದು ತೊಂದರೆಯುಂಟು. ಅರ್ಥ ತಿಳಿದಿದೆ ಎಂದು ನಾವು ಅಂದುಕೊಂಡುಬಿಡುತ್ತೇವೆ. ಆದ್ದರಿಂದ ಹೃದಯವನ್ನು ಶುದ್ಧವಾಗಿಟ್ಟುಕೊಳ್ಳುವ ಕ್ರಮಗಳನ್ನು ಹೇಳುವುದಕ್ಕೆ ಮೊದಲು, ಶುದ್ಧವಾಗಿರುವುದೆಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯ.

ಹೀಬ್ರೂ ಬೈಬಲ್‌ನಲ್ಲಿ ಹೃದಯ ಎಂದರೆ ಭಾವನೆಗಳ ತವರು ಮಾತ್ರವಲ್ಲ. ಯೋಚಿಸುವುದು, ನೆನಪಿಡುವುದು, ತೀರ್ಮಾನಿಸುವುದು ಎಲ್ಲವೂ ಅಲ್ಲಿಯೇ ನಡೆಯುತ್ತವೆ. ಈ ದೃಷ್ಟಿಯಿಂದ ‘ಚಿತ್ತ’ ಎಂಬ ಕನ್ನಡದ ಪದ ಬಹಳ ಒಪ್ಪುವ ಆಯ್ಕೆ. ಇನ್ನು ಇಲ್ಲಿ ‘ನಿರ್ಮಲ’ ಎಂದಾಗಿರುವ ಗ್ರೀಕ್ ಪದ ‘ಕಥರೋಸ್’. ಒಗೆದ ಬಟ್ಟೆಗೆ ಹೇಗೋ ಹಾಗೆಯೇ, ತೂರಿ ಹೊಟ್ಟು ಬೇರ್ಪಡಿಸಿದ ಧಾನ್ಯಕ್ಕೂ ಬೇರೇನೂ ಬೆರೆಯದ ಪದಾರ್ಥಕ್ಕೂ ಆ ಪದವನ್ನು ಬಳಸುತ್ತಿದ್ದರು. ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಲ್ಲು ಬೆರೆತ ಅಕ್ಕಿ ಕೊಳೆಯಾದ ಅಕ್ಕಿಯಲ್ಲ, ಅದು ಅಕ್ಕಿಯೇ; ಆದರೆ ಅದರೊಳಗೆ ಅಕ್ಕಿಯಲ್ಲದ್ದೂ ಇದೆ, ಅದೂ ಅಕ್ಕಿಯದೇ ಬಣ್ಣದಲ್ಲಿದೆ. ಹೃದಯಶುದ್ಧಿಯ ಕೆಲಸವೆಂದರೆ ಬಹುಮಟ್ಟಿಗೆ ಈ ಆರಿಸುವ ಕೆಲಸ.

ಯುವಜನರ ಕೂಟಗಳಲ್ಲಿ ಹೃದಯಶುದ್ಧಿಯ ಮಾತು ಬಂದೊಡನೆ ಪ್ರಸಂಗ ಕಾಮದೃಷ್ಟಿಯ ಕಡೆಗೆ ತಿರುಗುತ್ತದೆ, ಮತ್ತು ಅಲ್ಲಿಯೇ ಮುಗಿಯುತ್ತದೆ. ಅದು ಮುಖ್ಯ ವಿಷಯವೇ; ಆದರೆ ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಮನುಷ್ಯನ ಹೃದಯದೊಳಗಿಂದ ಹೊರಟು ಅವನನ್ನು ಹೊಲೆಮಾಡುವವು ಎಂದು ಯೇಸು ಎಣಿಸುವ ಪಟ್ಟಿಯಲ್ಲಿ ವ್ಯಭಿಚಾರದ ಜೊತೆಗೆ ಲೋಭ, ಮೋಸ, ಹೊಟ್ಟೆಕಿಚ್ಚು, ಚಾಡಿ, ಅಹಂಕಾರ, ಬುದ್ಧಿಗೇಡಿತನ ಎಲ್ಲವೂ ಇವೆ. ನಲವತ್ತು ದಾಟಿದ, ಪ್ರತಿ ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವ ನನ್ನಂಥವರ ಹೃದಯ ಕೆಡುವುದು ಹೆಚ್ಚಾಗಿ ಪಟ್ಟಿಯ ಈ ಎರಡನೆಯ ಅರ್ಧದಿಂದ ಎಂಬುದು ನನ್ನ ಅಭಿಪ್ರಾಯ.

ಶುದ್ಧಹೃದಯ ನಮ್ಮ ಪ್ರಯತ್ನದ ಫಲವೇ, ದೇವರ ವರವೇ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. 51ನೇ ಕೀರ್ತನೆಯಲ್ಲಿ ದಾವೀದನು ತನ್ನೊಳಗೆ ಶುದ್ಧಹೃದಯವನ್ನು ಉಂಟುಮಾಡು ಎಂದು ದೇವರನ್ನು ಬೇಡುವಾಗ ಬಳಸಿರುವ ಕ್ರಿಯಾಪದ, ಆದಿಕಾಂಡದ ಮೊದಲ ವಚನದಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಸೃಷ್ಟಿಸಿದನೆಂದು ಹೇಳುವಲ್ಲಿರುವ ಕ್ರಿಯಾಪದವೇ. ಹೀಬ್ರೂ ಬೈಬಲ್ ಆ ರೂಪದ ಕ್ರಿಯೆಗೆ ದೇವರನ್ನು ಬಿಟ್ಟು ಬೇರಾರನ್ನೂ ಕರ್ತೃವಾಗಿಸುವುದಿಲ್ಲ. ಹಾಗಾದರೆ ನಮಗೆ ಉಳಿಯುವ ಕೆಲಸವೇನು? ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳ ಬಳಿ ಕಲಿತು 5ನೇ ಶತಮಾನದ ಆರಂಭದಲ್ಲಿ ಈಗಿನ ಫ್ರಾನ್ಸಿನ ಮಾರ್ಸೇಯ್ ಪಟ್ಟಣದಲ್ಲಿ ನೆಲೆಸಿದ ಯೋಹಾನ ಕ್ಯಾಸಿಯನ್, ತನ್ನ ಗುರುಗಳಲ್ಲೊಬ್ಬರಾದ ಮೋಶೆ ಎಂಬ ಹಿರಿಯರ ಮಾತಿನಲ್ಲಿ ಇದಕ್ಕೆ ರೈತನ ಉದಾಹರಣೆ ಕೊಡುತ್ತಾನೆ. ರೈತನ ಕೊನೆಯ ಆಸೆ ಫಸಲು. ಆದರೆ ಬಿಸಿಲಲ್ಲಿ ನಿಂತು ಅವನು ಮಾಡುವ ಕೆಲಸ ಹೊಲವನ್ನು ಮುಳ್ಳು ಕಳೆಗಳಿಲ್ಲದಂತೆ ಹಸನು ಮಾಡುವುದು. ಹಾಗೆಯೇ ಕ್ರೈಸ್ತನ ಕೊನೆಯ ಆಸೆ ದೇವರ ರಾಜ್ಯ. ದಿನದಿನದ ಗುರಿ ಹೃದಯಶುದ್ಧಿ. ಬೆಳೆಸುವವನು ದೇವರು, ಕಳೆ ಕೀಳುವವರು ನಾವು. ಈ ಹಂಚಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಕ್ರಮಗಳು ದೊಡ್ಡ ಸಾಧನೆಯಂತೆ ಕಾಣುವುದಿಲ್ಲ, ನಿಷ್ಪ್ರಯೋಜಕವೆಂದೂ ತೋರುವುದಿಲ್ಲ.

ಮೊದಲ ಕೆಲಸ ಬೆಳಗಿನದು. ಅದೇ ಮೋಶೆ ಹೇಳಿದ ಇನ್ನೊಂದು ಹೋಲಿಕೆ, ನಾನು ಓದಿದ ಯಾವ ಉಪದೇಶಕ್ಕಿಂತಲೂ ಹೆಚ್ಚಾಗಿ ನನ್ನ ದಿನಚರಿಯನ್ನು ಬದಲಿಸಿತು. ಮನಸ್ಸು ನೀರಿನಿಂದ ತಿರುಗುವ ಬೀಸುಕಲ್ಲಿನಂತೆ. ನೀರು ಹರಿಯುವಷ್ಟು ಹೊತ್ತು ಅದು ನಿಲ್ಲಲಾರದು, ಆದರೆ ಅದರೊಳಗೆ ಗೋಧಿ ಸುರಿಯಬೇಕೋ, ಜವೆ ಸುರಿಯಬೇಕೋ, ಹಣಜಿ ಎಂಬ ಕಳೆಯ ಬೀಜ ಸುರಿಯಬೇಕೋ ಎಂಬುದು ಗಿರಣಿಯವನ ಕೈಯಲ್ಲಿದೆ. ಆಲೋಚನೆಗಳೇ ಬಾರದಂತೆ ಮನಸ್ಸನ್ನು ನಿಲ್ಲಿಸಲು ಹೆಣಗುವವರು ಈ ಮಾತನ್ನು ಗಮನಿಸಬೇಕು. ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ, ಸುರಿಯುವುದು ಇದೆ. ಕಣ್ಣು ಬಿಟ್ಟ ಕೂಡಲೇ ಮೊಬೈಲ್ ಎತ್ತಿಕೊಂಡು ಇನ್ನೊಬ್ಬರ ಹೊಸ ಮನೆಯ ಪ್ರವೇಶದ ಚಿತ್ರ, ಯಾರದೋ ರಾಜಕೀಯ ಜಗಳ, ಕಚೇರಿಯ ಗುಂಪಿನ ಚುಚ್ಚುಮಾತು ಇವನ್ನು ಮೊದಲ ಹಿಡಿಯಾಗಿ ಸುರಿದರೆ, ಮಧ್ಯಾಹ್ನದವರೆಗೂ ಕಲ್ಲು ಅದನ್ನೇ ಬೀಸುತ್ತಿರುತ್ತದೆ. ಆದ್ದರಿಂದ ಫೋನನ್ನು ಮಲಗುವ ಕೋಣೆಯ ಹೊರಗೆ ಇಡಿ. ಎಚ್ಚರಿಸಲು ಒಂದು ಸಾಧಾರಣ ಅಲಾರಂ ಗಡಿಯಾರ ಸಾಕು. ಎದ್ದು ಮುಖ ತೊಳೆದ ಮೇಲೆ ಒಂದು ಕೀರ್ತನೆಯನ್ನು ತುಟಿ ಅಲುಗಿಸಿ ಓದಿ, ಅದರಿಂದ ಒಂದೇ ವಾಕ್ಯವನ್ನು ಆರಿಸಿಕೊಂಡು ದಿನವಿಡೀ ಜೊತೆಯಲ್ಲಿ ಕೊಂಡೊಯ್ಯಿರಿ. ಮೂರು ಅಧ್ಯಾಯ ಓದಿ ಮರೆಯುವುದಕ್ಕಿಂತ ಇದು ಲೇಸು. ಯಾವ ವಾಕ್ಯವೂ ತೋಚದ ದಿನ, ಕ್ಯಾಸಿಯನ್‌ನ ಕಾಲದ ಸನ್ಯಾಸಿಗಳು ಎದ್ದಾಗ, ಕೂತಾಗ, ಶೋಧನೆ, ಅಂದರೆ ಪಾಪದ ಸೆಳೆತ, ಎದುರಾದಾಗ ಹೇಳಿಕೊಳ್ಳುತ್ತಿದ್ದ 70ನೇ ಕೀರ್ತನೆಯ ಮೊದಲ ವಚನವೇ ಇದೆ. ದೇವರೇ, ನನ್ನನ್ನು ರಕ್ಷಿಸಲು, ನನಗೆ ಸಹಾಯಮಾಡಲು ತ್ವರೆಪಡು ಎಂಬುದು ಅದರ ಸಾರ. ಬಸ್ಸಿನ ನೂಕುನುಗ್ಗಲಿನಲ್ಲಿ ನಿಂತು ಹೇಳಿಕೊಳ್ಳುವಷ್ಟು ಚಿಕ್ಕದು.

ಎರಡನೆಯದು, ಕೆಟ್ಟ ಆಲೋಚನೆಯನ್ನು ಎಲ್ಲಿ ಹಿಡಿಯಬೇಕೆಂಬುದು. ಎರಡನೆಯ ಸಮುವೇಲನ 11ನೇ ಅಧ್ಯಾಯವನ್ನು ನಿಧಾನವಾಗಿ ಓದಿದರೆ ದಾವೀದನ ಪತನ ಒಂದೇ ಕ್ಷಣದಲ್ಲಿ ಆದದ್ದಲ್ಲವೆಂದು ತಿಳಿಯುತ್ತದೆ. ಅವನು ಮಾಳಿಗೆಯ ಮೇಲಿಂದ ಕಂಡನು. ಅದು ಪಾಪವಲ್ಲ, ಕಣ್ಣಿಗೆ ಬಿದ್ದದ್ದು. ಬಳಿಕ ಆಕೆ ಯಾರೆಂದು ವಿಚಾರಿಸಿದನು. ಊರೀಯನ ಹೆಂಡತಿ ಬತ್ಷೆಬೆ ಎಂಬ ಉತ್ತರ ಬಂದಿತು. ಆ ಉತ್ತರವೇ ಅವನಿಗೆ ದೇವರು ಇಟ್ಟ ತಡೆಗೋಡೆಯಾಗಿತ್ತು; ಅದನ್ನು ದಾಟಿ ಆಳುಗಳನ್ನು ಕಳುಹಿಸಿದ ಮೇಲೆ ಉಳಿದದ್ದೆಲ್ಲ ಇಳಿಜಾರು, ಕಡೆಗೆ ಊರೀಯನ ಕೊಲೆಯವರೆಗೆ. ನಮ್ಮ ಆಲೋಚನೆಗಳಿಗೂ ಇದೇ ಮೆಟ್ಟಿಲುಗಳಿವೆ. ಕಣ್ಣಿಗೆ ಬಿದ್ದದ್ದಕ್ಕೆ ಮರುಗಬೇಕಾಗಿಲ್ಲ. ‘ಸುಮ್ಮನೆ ವಿಚಾರಿಸುತ್ತೇನೆ’ ಎಂದು ಮನಸ್ಸು ಹೇಳುವ ಜಾಗದಲ್ಲಿ ಎಚ್ಚರವಾಗಿರಬೇಕು. ಫೋನಿನಲ್ಲಿ ಹೆಸರು ಹುಡುಕುವ ಬೆರಳು, ಅಂಗಡಿಯ ಲೆಕ್ಕದಲ್ಲಿ ‘ಇದನ್ನು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ’ ಎಂಬ ಲೆಕ್ಕಾಚಾರ, ಎರಡನೆಯ ಸಲ ಓದಿ ಕುದಿಯುವುದಕ್ಕೆಂದೇ ತೆರೆದ ಹಳೆಯ ಸಂದೇಶ, ಇವೆಲ್ಲ ಆ ಎರಡನೆಯ ಮೆಟ್ಟಿಲೇ. ಅಲ್ಲಿ ಮಾಡಬೇಕಾದದ್ದು ಎರಡು. ಬಂದಿರುವುದಕ್ಕೆ ಅದರ ನಿಜವಾದ ಹೆಸರು ಕೊಡಿ: ಇದು ಆಸೆ, ಇದು ಹೊಟ್ಟೆಕಿಚ್ಚು, ಇದು ಸೇಡು. ಆಮೇಲೆ ಜಾಗ ಬಿಟ್ಟು ಎದ್ದುಹೋಗಿ. ಪೋಟೀಫರನ ಮನೆಯಲ್ಲಿ ಯೋಸೇಫನು ನಿಂತು ವಾದಿಸುತ್ತ ಉಳಿಯಲಿಲ್ಲ, ಬಟ್ಟೆಯನ್ನೇ ಬಿಟ್ಟು ಓಡಿದನು. ಕಾಮದ ವಿಷಯದಲ್ಲಿ ಇದಕ್ಕಿಂತ ಜಾಣತನದ ಉಪಾಯವೊಂದಿದೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ.

ಓಡುವುದರಿಂದ ತೀರದ, ಓಡಿದಷ್ಟೂ ಬೆನ್ನು ಹತ್ತುವ ಒಂದು ಬೆರಕೆಯಿದೆ, ಅದು ಜನರ ಮೆಚ್ಚಿಕೆಯ ಆಸೆ. ಮತ್ತಾಯನ 6ನೇ ಅಧ್ಯಾಯದಲ್ಲಿ ಯೇಸು ಆರಿಸಿಕೊಳ್ಳುವ ಮೂರು ಉದಾಹರಣೆಗಳೂ ಒಳ್ಳೆಯ ಕೆಲಸಗಳೇ ಎಂಬುದನ್ನು ಗಮನಿಸಿ: ದಾನ, ಪ್ರಾರ್ಥನೆ, ಉಪವಾಸ. ಕೆಟ್ಟ ಕೆಲಸವನ್ನು ಬಿಟ್ಟವನಿಗಾಗಿಯೇ ಕಾದಿರುವ ಈ ಬೆರಕೆಯನ್ನು ಮರುಭೂಮಿಯ ಹಿರಿಯರು ಈರುಳ್ಳಿಗೆ ಹೋಲಿಸುತ್ತಿದ್ದರೆಂದು ಕ್ಯಾಸಿಯನ್ ಬರೆಯುತ್ತಾನೆ. ಒಂದು ಸಿಪ್ಪೆ ಸುಲಿದರೆ ಒಳಗೆ ಇನ್ನೊಂದು. ಆಡಂಬರದ ಬಟ್ಟೆ ಬಿಟ್ಟವನು ತನ್ನ ಸರಳತೆಗೆ ಹೆಮ್ಮೆಪಡುತ್ತಾನೆ, ಆ ಹೆಮ್ಮೆಯನ್ನೂ ಬಿಟ್ಟವನು ತನ್ನ ದೀನತೆಗೆ.

ನಮ್ಮ ಸಭೆಗಳಲ್ಲಿ ಇದನ್ನು ಕಾಣಲು ಸುಗ್ಗಿ ಹಬ್ಬದ ಹರಾಜಿಗಿಂತ ಒಳ್ಳೆಯ ಜಾಗವಿಲ್ಲ. ಮನೆಯಿಂದ ತಂದು ದೇವರಿಗೆ ಅರ್ಪಿಸಿದ ಬಾಳೆಗೊನೆ, ಕುಂಬಳಕಾಯಿ, ಹುಂಜಗಳನ್ನು ಆರಾಧನೆಯ ನಂತರ ಹರಾಜು ಹಾಕುತ್ತಾರೆ. ಒಂದು ಸಾಮಾನ್ಯ ತೆಂಗಿನಕಾಯಿ ಸಾವಿರ ರೂಪಾಯಿ ದಾಟುತ್ತದೆ. ಕೂಗಿದವರ ಹೆಸರು ಮೈಕಿನಲ್ಲಿ ಬರುತ್ತದೆ. ಅದು ಸಂತೋಷದ ಗಳಿಗೆ, ಸಭೆಗೆ ಹಣವೂ ಬೇಕು. ನಾನು ಹರಾಜನ್ನು ಹಳಿಯುತ್ತಿಲ್ಲ. ಆದರೆ ಒಮ್ಮೆ ಒಂದು ಅನಾನಸಿಗಾಗಿ ನಾನು ಕೂಗಿದ ಕೊನೆಯ ಮೂರು ಮೊತ್ತಗಳು ದೇವರಿಗಾಗಿ ಅಲ್ಲ, ಎದುರು ಸಾಲಿನಲ್ಲಿ ಕೂಗುತ್ತಿದ್ದ ಒಬ್ಬರನ್ನು ಸೋಲಿಸುವುದಕ್ಕಾಗಿ ಎಂಬುದು ಹಣ್ಣನ್ನು ಮನೆಗೆ ಹೊತ್ತು ತರುವಾಗ ನನಗೆ ಸ್ಪಷ್ಟವಾಗಿತ್ತು. ಹಣ್ಣು ಸಿಹಿಯಾಗಿಯೇ ಇತ್ತು, ಅದು ಬೇರೆ ಮಾತು.

ಇಂಥದೇ ಇನ್ನೆರಡನ್ನು ಹೇಳಬಹುದು. ವಾಟ್ಸಾಪ್ ಪ್ರಾರ್ಥನಾ ಗುಂಪಿನಲ್ಲಿ ‘ಆ ಕುಟುಂಬಕ್ಕಾಗಿ ಪ್ರಾರ್ಥಿಸಿರಿ, ಮಗಳ ವಿಷಯದಲ್ಲಿ ಬಹಳ ಕಷ್ಟದಲ್ಲಿದ್ದಾರೆ’ ಎಂದು ಬರೆಯುವಾಗ, ಹಂಚುತ್ತಿರುವುದು ಭಾರವನ್ನೋ ಸುದ್ದಿಯನ್ನೋ ಎಂದು ಬರೆಯುವವರಿಗೆ ಒಳಗೇ ಗೊತ್ತಿರುತ್ತದೆ. ಮನೆಯ ಸಂಜೆ ಪ್ರಾರ್ಥನೆಯಲ್ಲಿ ತಂದೆ ದೇವರನ್ನು ಸಂಬೋಧಿಸುತ್ತ ಮಗನ ಅಂಕಪಟ್ಟಿಯನ್ನು ವಿವರವಾಗಿ ಒಪ್ಪಿಸಿದರೆ, ಆ ಪ್ರಾರ್ಥನೆ ಮಗನ ಕಿವಿಗೆ ಹೊರಟದ್ದೇ ಹೊರತು ಮೇಲಕ್ಕಲ್ಲ.

ಇದಕ್ಕೆ ಮಾಡಬಹುದಾದ ಅಭ್ಯಾಸವೆಂದರೆ, ತಿಂಗಳಿಗೊಮ್ಮೆಯಾದರೂ ಯಾರಿಗೂ, ಮನೆಯವರಿಗೂ, ತಿಳಿಯದಂತೆ ಒಂದು ಒಳ್ಳೆಯ ಕೆಲಸ ಮಾಡಿ ಅದನ್ನು ಎಂದೆಂದಿಗೂ ಬಾಯಿಬಿಡದಿರುವುದು. ಒಬ್ಬ ವಿದ್ಯಾರ್ಥಿಯ ಶುಲ್ಕವಾಗಲಿ, ಆಸ್ಪತ್ರೆಯಲ್ಲಿ ಒಂಟಿಯಾಗಿ ಮಲಗಿರುವವರ ಬಳಿ ಒಂದು ಗಂಟೆ ಕುಳಿತು ಬರುವುದಾಗಲಿ, ದೇವಾಲಯದ ಶೌಚಾಲಯ ತೊಳೆಯುವುದಾಗಲಿ, ಯಾವುದೂ ಆಗಬಹುದು. ಹೇಳಬೇಕೆಂಬ ತುರಿಕೆ ಮೂರನೆಯ ದಿನಕ್ಕೆ ಏಳುತ್ತದೆ. ಅದನ್ನು ತಾಳಿಕೊಳ್ಳುವುದೇ ಇಲ್ಲಿನ ಪಾಠ. ದೇವರು ಮಾಡಿದ ಉಪಕಾರಗಳ ಬಗ್ಗೆ ಸಭೆಯಲ್ಲಿ ಸಾಕ್ಷಿ ಹೇಳಲು ನಿಂತಾಗ ‘ನಾನು’ ಎಂಬ ಪದ ಎಷ್ಟು ಸಲ ಬರುತ್ತದೆಂದು ಬೇಕಾದರೆ ಎಣಿಸಿಕೊಳ್ಳಬಹುದು. ಗುಂಪಿನಲ್ಲಿ ಪ್ರಾರ್ಥನಾ ವಿನಂತಿ ಹಾಕುವ ಮೊದಲು ಅದೇ ವಿಷಯಕ್ಕಾಗಿ ಒಬ್ಬರೇ ಮೊಣಕಾಲೂರಿ ಐದು ನಿಮಿಷ ಪ್ರಾರ್ಥಿಸಿ. ಹಾಗೆ ಮಾಡಿದ ಮೇಲೆ ಎಷ್ಟೋ ವಿನಂತಿಗಳನ್ನು ಹಾಕಬೇಕೆನ್ನಿಸುವುದೇ ಇಲ್ಲ. ಆದರೆ ಉದ್ದೇಶದಲ್ಲಿ ಬೆರಕೆಯಿದೆ ಎಂದು ತಿಳಿದ ಮಾತ್ರಕ್ಕೆ ಒಳ್ಳೆಯ ಕೆಲಸವನ್ನೇ ನಿಲ್ಲಿಸಬೇಡಿ. ಮೊರದಲ್ಲಿ ಕಲ್ಲು ಕಂಡಿತೆಂದು ಅಕ್ಕಿಯನ್ನು ಯಾರೂ ತಿಪ್ಪೆಗೆ ಸುರಿಯುವುದಿಲ್ಲ.

ಮಾತಿನ ಪ್ರಾಮಾಣಿಕತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜ್ವರವಿಲ್ಲದೆ ಜ್ವರವೆಂದು ಬರೆದ ರಜೆ ಅರ್ಜಿ, ಮನೆಯಲ್ಲೇ ಇದ್ದು ‘ದಾರಿಯಲ್ಲಿದ್ದೇನೆ’ ಎಂದ ಫೋನು, ಇವನ್ನು ಒಂದು ವಾರ ಬಿಟ್ಟು ನೋಡಿದರೆ ಸಾಕು, ಉಳಿದದ್ದನ್ನು ಮನಸ್ಸಾಕ್ಷಿಯೇ ಕಲಿಸುತ್ತದೆ.

ಕೋಪದ ಸಂಗತಿ ಅಷ್ಟು ಸುಲಭವಲ್ಲ. ಕ್ಯಾಸಿಯನ್ ಒಂದು ವಿಚಿತ್ರವನ್ನು ಕಂಡು ಬರೆದಿದ್ದಾನೆ: ಅಪಾರ ಆಸ್ತಿಯನ್ನೂ ಹೊಲಗದ್ದೆಗಳನ್ನೂ ಬಿಟ್ಟು ಬಂದ ಕೆಲವರು, ಮರುಭೂಮಿಗೆ ಬಂದ ಮೇಲೆ ಒಂದು ಚೂರಿ, ಒಂದು ಸೂಜಿ, ಒಂದು ಲೇಖನಿಗಾಗಿ ಕೆರಳುತ್ತಿದ್ದರಂತೆ. ಪಿತ್ರಾರ್ಜಿತ ಜಮೀನಿನ ಎರಡು ಗುಂಟೆಗಾಗಿ ಹತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು ಯೇಸುವಿನ ನೆನಪಿಗಾಗಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನವನ್ನು ಒಂದೇ ಪಾತ್ರೆಯಿಂದ ತೆಗೆದುಕೊಳ್ಳುವುದನ್ನು ಕಂಡವರಿಗೆ ಇದು ಹಳೆಯ ಕಾಲದ ಕಥೆಯೆನಿಸದು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ಒಂದಾಗು ಎಂದು ಯೇಸು ಹೇಳುವಾಗ, ನಿನಗೆ ಅವನ ಮೇಲೆ ಕೋಪವಿದ್ದರೆ ಎನ್ನುವುದಿಲ್ಲ. ಅವನಿಗೆ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ ಎನ್ನುತ್ತಾನೆ. ತಪ್ಪು ಯಾರದೆಂದು ತೀರ್ಮಾನವಾಗುವವರೆಗೆ ಕಾಯುವ ಅವಕಾಶವನ್ನೇ ಆ ಮಾತು ಕಿತ್ತುಕೊಳ್ಳುತ್ತದೆ.

ಆದ್ದರಿಂದ ಕರ್ತನ ಭೋಜನವಿರುವ ಭಾನುವಾರದ ಹಿಂದಿನ ಶುಕ್ರವಾರವನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಶನಿವಾರಕ್ಕೆ ಮುಂದೂಡಿದರೆ ಮಾರ್ಕೆಟ್ಟು, ಇಸ್ತ್ರಿ, ನೆಂಟರ ನಡುವೆ ಅದು ತಪ್ಪಿಯೇ ಹೋಗುತ್ತದೆ. ಹೋಗಿ ಮಾತನಾಡಬಹುದಾದವರ ಬಳಿಗೆ ಹೋಗಿ. ಫೋನು ಮಾಡಿದರೂ ಆದೀತು, ಆದರೆ ಸಂದೇಶ ಕಳುಹಿಸಬೇಡಿ, ಬರಹದಲ್ಲಿ ಕ್ಷಮಾಪಣೆಯೂ ಚುಚ್ಚಿದಂತೆ ಕೇಳಿಸುತ್ತದೆ. ‘ಆವತ್ತು ನಾನು ಆಡಿದ ಮಾತು ತಪ್ಪಾಯಿತು’ ಎಂಬಲ್ಲಿಗೆ ಮಾತು ನಿಲ್ಲಲಿ. ‘ಆದರೆ ನೀವೂ’ ಎಂದು ಮುಂದುವರಿದರೆ ಅದು ಹೊಸ ಜಗಳ. ಭೇಟಿ ಸಾಧ್ಯವಿಲ್ಲದಿದ್ದರೆ, ಆ ವ್ಯಕ್ತಿಯ ಹೆಸರು ಹಿಡಿದು ದಿನಕ್ಕೊಮ್ಮೆ ಅವರ ಒಳಿತನ್ನು ಬೇಡಿಕೊಳ್ಳಿ. ಮೊದಲ ವಾರ ಅದು ಬಾಯಿಮಾತಾಗಿಯೇ ಇರುತ್ತದೆ, ಇರಲಿ. ಒಂದು ಎಚ್ಚರಿಕೆ ಮಾತ್ರ ಬೇಕು: ಹೊಡೆಯುವ ಗಂಡನ ಮನೆಗೆ ಮರಳಬೇಕೆಂದಾಗಲಿ, ಮಕ್ಕಳನ್ನು ನೋಯಿಸಿದವನ ವಿಷಯವನ್ನು ಮುಚ್ಚಿಡಬೇಕೆಂದಾಗಲಿ ಈ ಬೋಧನೆಯಿಂದ ಯಾರೂ ತೀರ್ಮಾನ ತೆಗೆಯಬಾರದು. ದ್ವೇಷವನ್ನು ಹೃದಯದಿಂದ ತೆಗೆಯುವುದು ಬೇರೆ, ಅನ್ಯಾಯಕ್ಕೆ ದಾರಿ ಬಿಡುವುದು ಬೇರೆ.

ಆರಾಧನೆಯಲ್ಲಿಯೇ ಇದಕ್ಕೆ ಸಹಾಯವಿದೆ, ನಾವು ಗಮನಿಸುವುದು ಕಡಿಮೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳ ಕರ್ತನ ಭೋಜನದ ಆರಾಧನಾಕ್ರಮದ ಮೊದಲ ಭಾಗದಲ್ಲಿ, ಎಲ್ಲ ಹೃದಯಗಳೂ ಯಾರ ಮುಂದೆ ತೆರೆದಿವೆಯೋ ಆ ದೇವರು ನಮ್ಮ ಹೃದಯದ ಆಲೋಚನೆಗಳನ್ನು ಶುದ್ಧಿಮಾಡಲಿ ಎಂಬ ಪುರಾತನ ಪ್ರಾರ್ಥನೆಯೊಂದಿದೆ. ಕಥೋಲಿಕ ಬಲಿಪೂಜೆಯಲ್ಲಿ ಗುರುಗಳು ಕೈತೊಳೆಯುವಾಗ ಮೆಲುದನಿಯಲ್ಲಿ ಹೇಳುವುದು 51ನೇ ಕೀರ್ತನೆಯ ಮಾತನ್ನೇ. ಆ ಕೀರ್ತನೆ ಪ್ರತಿ ಶುಕ್ರವಾರದ ಪ್ರಾತಃಕಾಲದ ಪ್ರಾರ್ಥನೆಯಲ್ಲಿಯೂ ಬರುತ್ತದೆ. ತಡವಾಗಿ ಬಂದು ಚಪ್ಪಲಿ ಬಿಡುತ್ತ, ಕುಳಿತವರ ಮುಖ ನೋಡುತ್ತ ಈ ಭಾಗವನ್ನು ಕಳೆದುಕೊಳ್ಳುವವರು ಹತ್ತು ನಿಮಿಷ ಮುಂಚೆ ಮನೆ ಬಿಟ್ಟರೆ ಸಾಕು.

ಕೊನೆಯ ಕೆಲಸ ರಾತ್ರಿಯದು. ಯೇಸುಸಭೆಯನ್ನು ಸ್ಥಾಪಿಸಿದ, 16ನೇ ಶತಮಾನದ ಲೊಯೋಲದ ಇಗ್ನಾಸಿಯವರು ತಮ್ಮ ಸಂಗಡಿಗರಿಗೆ ಕಲಿಸಿದ ಆತ್ಮಪರೀಕ್ಷೆಯ ಕ್ರಮ ಯಾವ ಸಭೆಯವರಿಗಾದರೂ ಒಗ್ಗುತ್ತದೆ. ಮೊದಲು ದಿನದಲ್ಲಿ ಸಿಕ್ಕಿದ್ದಕ್ಕೆ ಕೃತಜ್ಞತೆ. ನಂತರ ತನ್ನನ್ನು ಕಾಣಲು ದೇವರಲ್ಲಿ ಬೆಳಕಿನ ಬೇಡಿಕೆ. ಆಮೇಲೆ ಎದ್ದ ಗಳಿಗೆಯಿಂದ ಗಂಟೆಗಂಟೆಯಾಗಿ ದಿನವನ್ನು ಹಿಂದಿರುಗಿ ನೋಡುವುದು, ಕ್ಷಮೆ ಕೇಳುವುದು, ನಾಳೆಗೆ ಒಂದು ತಿದ್ದುಪಡಿ ನಿಶ್ಚಯಿಸಿ ಕರ್ತನ ಪ್ರಾರ್ಥನೆಯಿಂದ ಮುಗಿಸುವುದು. ಹತ್ತು ನಿಮಿಷ ಸಾಕು. ಕೃತಜ್ಞತೆ ಮೊದಲಿರುವುದು ಆಕಸ್ಮಿಕವಲ್ಲ. ತಪ್ಪಿನಿಂದ ಆರಂಭಿಸಿದರೆ ಮನಸ್ಸು ಒಂದೋ ಸಮರ್ಥನೆಗೆ ಇಳಿಯುತ್ತದೆ, ಇಲ್ಲವೇ ಕುಸಿಯುತ್ತದೆ. ಎಲ್ಲ ದೋಷಗಳನ್ನೂ ಒಟ್ಟಿಗೆ ಹಿಡಿಯಲು ಹೋಗಬಾರದು. ಒಂದು ತಿಂಗಳಿಗೆ ಒಂದೇ ದೋಷ ಆರಿಸಿಕೊಂಡು, ಸಣ್ಣ ಪುಸ್ತಕದಲ್ಲಿ ದಿನಕ್ಕೊಂದು ಗೆರೆ ಎಳೆದು, ಆ ದೋಷಕ್ಕೆ ಬಿದ್ದಷ್ಟು ಸಲ ಅದರ ಮೇಲೆ ಚುಕ್ಕೆಯಿಡಬೇಕು. ಇದೂ ಇಗ್ನಾಸಿಯವರ ವಿಧಾನವನ್ನೇ ಆಧರಿಸಿದ್ದು. ವಾರದ ಗೆರೆಗಳನ್ನು ಹೋಲಿಸಿ ನೋಡಿದಾಗ ನನಗೆ ತಿಳಿದ ಸಂಗತಿಯೆಂದರೆ, ಇತರರನ್ನು ಆಡಿಕೊಳ್ಳುವ ನನ್ನ ಚಟದ ಚುಕ್ಕೆಗಳು ಹೆಚ್ಚಾಗಿ ಮಧ್ಯಾಹ್ನದ ಊಟದ ಡಬ್ಬಿ ತೆರೆಯುವ ಹೊತ್ತಿನವು ಎಂಬುದು. ಕುಳಿತುಕೊಳ್ಳುವ ಮೇಜನ್ನು ಬದಲಿಸಿದೆ, ಅರ್ಧಕ್ಕರ್ಧ ಇಳಿದವು.

ಪರೀಕ್ಷಿಸಿಕೊಳ್ಳುವುದೇ ಕೆಲವರಿಗೆ ಕಾಯಿಲೆಯಾಗುತ್ತದೆ. ಇಗ್ನಾಸಿಯವರು 1522ರಲ್ಲಿ ಸ್ಪೇನಿನ ಮನ್ರೇಸ ಪಟ್ಟಣದಲ್ಲಿದ್ದಾಗ, ನಿವೇದಿಸಿದ ಪಾಪಗಳನ್ನೇ ಸರಿಯಾಗಿ ನಿವೇದಿಸಲಿಲ್ಲವೆಂಬ ಸಂಶಯದಿಂದ ತಿಂಗಳುಗಟ್ಟಲೆ ನರಳಿದ್ದರು. ಕ್ಷಮೆ ಕೇಳಿದ ಪಾಪವನ್ನು ಮರುದಿನ ಮತ್ತೆ ಕೆದಕುತ್ತಿದ್ದೀರಿ ಎನಿಸಿದರೆ ರಾತ್ರಿಯ ಪರೀಕ್ಷೆಯನ್ನು ಐದು ನಿಮಿಷಕ್ಕೆ ಇಳಿಸಿ, ಅದರಲ್ಲಿ ಮೂರನ್ನು ಕೃತಜ್ಞತೆಗೆ ಕೊಡಿ. ಸಂಕಟ ಮುಂದುವರಿದರೆ ಸಭಾಪಾಲಕರೊಡನೆಯೂ ವೈದ್ಯರೊಡನೆಯೂ ಮಾತನಾಡಿ. ಉಳಿದವರಿಗೂ ತಪ್ಪಿನ ಭಾರವನ್ನು ಒಬ್ಬರೇ ಹೊತ್ತು ತಿರುಗುವುದು ಒಳ್ಳೆಯದಲ್ಲ. ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರವಿದೆ. ಇತರರಿಗೆ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ ಎನ್ನುತ್ತದೆ. ಒಬ್ಬರನ್ನು ಮಾತ್ರ ಆರಿಸಿಕೊಳ್ಳಿ. ಅವರು ನಿಮಗಿಂತ ಹಿರಿಯರೂ ಮಾತು ಹೊರಬಿಡದವರೂ ಆಗಿರಲಿ. ಗುಂಪಿನ ಮುಂದೆ ಮಾಡಿದ ಅರಿಕೆಗೆ ಈರುಳ್ಳಿಯ ಸಿಪ್ಪೆ ಅಂಟಿಕೊಳ್ಳುತ್ತದೆ.

ಹಗಲಿನಲ್ಲಿ ಬಿದ್ದಾಗ ರಾತ್ರಿಯವರೆಗೆ ಕಾಯಬೇಕಾಗಿಲ್ಲ. ಅದಕ್ಕೂ ಇಗ್ನಾಸಿಯವರು ಒಂದು ಗುರುತನ್ನು ಹೇಳಿಕೊಟ್ಟಿದ್ದಾರೆ: ಬಿದ್ದ ಕೂಡಲೇ ಎದೆಯ ಮೇಲೆ ಕೈಯಿಟ್ಟು ಒಳಗೇ ದುಃಖಿಸುವುದು. ನಾಲ್ಕು ಜನರ ನಡುವೆ ಕುಳಿತಾಗಲೂ ಅದನ್ನು ಮಾಡಬಹುದು. ಅಂಗಿಯ ಗುಂಡಿ ಸರಿಪಡಿಸಿಕೊಂಡರೆಂದು ಪಕ್ಕದವರು ಅಂದುಕೊಳ್ಳುತ್ತಾರೆ.